ಕಾಡಿನಲ್ಲಿ ಒಂಟಿಯಾಗಲು ಮೂರು ಕಾರು

ನಮ್ಮ ಗ್ಯಾರೇಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದೆ. ಹೆಸರಿಗೆ ಅದು ಎರಡು ಕಾರಿನ ಗ್ಯಾರೇಜು. ಕಾರುಗಳೆರಡೂ ಬೀದಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ನಿಂತಿರುತ್ತವೆ. ಒಳಗೆ ಗೌರಿಹಬ್ಬದ ಮಂಟಪ, ಮೂರು ಸೈಜಿನ ಇಡ್ಲಿ ಪಾತ್ರೆ, ಊರಿಂದ ಬಂದವರು ಬಿಟ್ಟುಹೋದ ಸೂಟ್‌ಕೇಸು, ನನ್ನ ಓದಿನ ಕಾಲದ ರಟ್ಟಿನ ಪೆಟ್ಟಿಗೆಗಳು ನೆರಳಿನಲ್ಲಿ ಸುಖವಾಗಿವೆ. ಸ್ಯಾನ್ ಡಿಯೇಗೋದ ನಮ್ಮ ಬಡಾವಣೆ ಫೋರ್ ಎಸ್ ರ್ಯಾಂಚಿನಲ್ಲಿ ಎಲ್ಲರ ಮನೆಯ ಕಥೆಯೂ ಇಷ್ಟೇ ಆದ್ದರಿಂದ ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ.

ಹೋದ ತಿಂಗಳು ಆ ಪೆಟ್ಟಿಗೆಗಳಲ್ಲೊಂದನ್ನು ನನ್ನ ಏಳು ವರ್ಷದ ಮಗಳು ಬಿಚ್ಚಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಐದು ಹಾಳೆಗಳನ್ನು ಎರಡು ಬೆರಳಲ್ಲಿ ಹಿಡಿದು ತಂದು ನನ್ನ ಮುಂದೆ ನಿಂತಳು.

"ಅಮ್ಮಾ, ಈಸ್ ದಿಸ್ ಓಲ್ಡ್ ಬ್ಲಡ್?"

ನೋಡಿದೆ. ನನ್ನದೇ ದುಂಡು ಅಕ್ಷರ, ಜರ್ಮನ್ ಭಾಷೆ, ಮೂರನೆಯ ಹಾಳೆಯ ನಡುವೆ ಕೈಯಗಲ ಹಳದಿ ಕಲೆ.

"ರಕ್ತ ಅಲ್ಲ ಪುಟ್ಟಿ, ಬಿಸಿಬೇಳೆಭಾತು."

"ಯೂ ಗೇವ್ ದಿಸ್ ಟು ಯುವರ್ ಟೀಚರ್?"

"ಕೊಟ್ಟೆ ಕಣೆ, ಏನೀಗ?"

ಅವಳು ತಲೆಯಾಡಿಸಿದ ರೀತಿ ನೋಡಿದರೆ, ಇವಳಿಗೆ ಡಾಕ್ಟರೇಟು ಕೊಟ್ಟವರು ಯಾರೆಂದು ವಿಚಾರಣೆ ನಡೆಸುವಂತಿತ್ತು. ಮಗಳಿಗೆ ಆ ದಿನ ಹೇಳಿದ್ದು ಅರ್ಧ ಕಥೆ. ನೀವು ಪುರಸೊತ್ತಿನಲ್ಲಿ ಕೂತಿರುವುದರಿಂದ ನಿಮಗೆ ಪೂರ್ತಿ ಹೇಳುತ್ತೇನೆ. ಆದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ, ಸುತ್ತಿ ಬಳಸಿ ಬರುತ್ತೇನೆ, ಸಹಿಸಿಕೊಳ್ಳಬೇಕು.

ಮೊದಲು, ನವಲಗುಂದದ ಆಚೆಯ ಹುಡುಗಿಗೆ ಜರ್ಮನ್ ಎಲ್ಲಿಂದ ಗಂಟುಬಿತ್ತು ಎಂಬುದು. ಧಾರವಾಡದಲ್ಲಿ ಎಂ.ಎ. ಓದುವಾಗ ಒಂದು ಪರದೇಶದ ಭಾಷೆ ಕಲಿಯಬೇಕಿತ್ತು. ಫ್ರೆಂಚಿನ ಸಾಲು ಕಾರಿಡಾರ್ ದಾಟಿ ಮೆಟ್ಟಿಲಿಳಿದಿತ್ತು. ಜರ್ಮನ್ ಸಾಲಿನಲ್ಲಿ ಮೂರೇ ಜನ, ಅದರಲ್ಲೊಬ್ಬ ಸಾಲು ತಪ್ಪಿ ನಿಂತವನು. ಬಿಸಿಲಿಗೆ ನಿಲ್ಲಲಾರದೆ ನಾನು ಜರ್ಮನ್ ಸೇರಿದೆ. ಜನ ಇದನ್ನು 'ಜರ್ಮನ್ ಸಂಸ್ಕೃತಿಯ ಸೆಳೆತ' ಎಂದು ತಿಳಿದಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಹಾಗೆ ಹಿಡಿದ ದಾರಿ ಬೆಂಗಳೂರಿನ ಮೇಲೆ ಹಾದು, ೨೦೦೮ರಲ್ಲಿ ಇದೇ ಸ್ಯಾನ್ ಡಿಯೇಗೋದ ಲಾ ಹೋಯಾದಲ್ಲಿ ಸಮುದ್ರದ ಮೇಲಿನ ಗುಡ್ಡದ ಕ್ಯಾಂಪಸ್ಸಿಗೆ ನನ್ನನ್ನು ತಂದು ಬಿಟ್ಟಿತು. ನಾನು ಆರಿಸಿಕೊಂಡ ವಿಷಯ: ಜರ್ಮನ್ನರ ಮನಸ್ಸಿನಲ್ಲಿ ನೆಲ, ಬೆಟ್ಟ, ಕಾಡುಗಳು 'ನಾನು' ಎಂಬ ಭಾವನೆಯನ್ನು ಹೇಗೆ ಕಟ್ಟಿದವು? ಕೇಳಲು ಬಹಳ ಗಂಭೀರವಾಗಿತ್ತು. ನಾನು ಅದುವರೆಗೆ ಒಂದು ಕಾಡನ್ನೂ ನೋಡಿರಲಿಲ್ಲ, ಅದನ್ನು ಅರ್ಜಿಯಲ್ಲಿ ಯಾರೂ ಕೇಳಿರಲಿಲ್ಲ.

ಜರ್ಮನ್ನರಿಗೆ ತಮ್ಮ ಸ್ವಭಾವವನ್ನು ತಮ್ಮ ನೆಲಕ್ಕೆ ಗಂಟು ಹಾಕುವ ಚಟ ಹಳೆಯದು. ಉತ್ತರದ ಸಮುದ್ರದಂಚಿನ ಸಪಾಟು ಸೀಮೆಯವರು ಮಾತಿನಲ್ಲಿ ಜಿಪುಣರಂತೆ. ದ್ರಾಕ್ಷಿ ಬೆಳೆಯುವ ನದಿದಂಡೆಯವರು ಬಾಯಿಬಡುಕರಂತೆ. ಆಲ್ಪ್ಸ್ ಕಡೆಯವರು ಹಟಮಾರಿಗಳಂತೆ. ಎಲ್ಲಕ್ಕೂ ಮೇಲೆ ಕಾಡು. ಇನ್ನೂರು ವರ್ಷಗಳ ಹಿಂದೆ ಅಲ್ಲಿನ ಕವಿಗಳೂ ಚಿತ್ರಗಾರರೂ ಸೇರಿ, ಮನುಷ್ಯನಿಗೆ ತಾನು ಯಾರೆಂದು ತಿಳಿಯಬೇಕಿದ್ದರೆ ಒಬ್ಬನೇ ಕಾಡಿಗೆ ಹೋಗಬೇಕು ಎಂದು ತೀರ್ಮಾನಿಸಿಬಿಟ್ಟರು. ಕಾಡಿನೊಳಗಿನ ಒಂಟಿತನಕ್ಕೆಂದೇ ಅವರಲ್ಲಿ ಒಂದು ಉದ್ದನೆಯ ಪದವಿದೆ, ಅದರಲ್ಲಿ ದುಃಖಕ್ಕಿಂತ ಸುಖವೇ ಹೆಚ್ಚು. ಆ ಕಾಲದ ಚಿತ್ರಗಳಲ್ಲಿ ಮನುಷ್ಯರು ನಮಗೆ ಬೆನ್ನು ಮಾಡಿ ಬೆಟ್ಟವನ್ನೋ ಮಂಜನ್ನೋ ನೋಡುತ್ತ ನಿಂತಿರುತ್ತಾರೆ. ಅವರು ನೋಡುತ್ತಿರುವುದು ತಮ್ಮ ಒಳಗನ್ನು ಎಂದು ನಾನು ನೋಟ್ಸ್ ಬರೆದುಕೊಂಡೆ. ನಮ್ಮೂರಲ್ಲಿ ಯಾರಾದರೂ ಹಾಗೆ ಅರ್ಧ ಗಂಟೆ ನಿಂತರೆ ಮೊದಲು ನೀರು ಕುಡಿಸುತ್ತಾರೆ, ಆಮೇಲೆ ಮನೆಗೆ ಹೇಳಿ ಕಳಿಸುತ್ತಾರೆ.

ನಮ್ಮೂರೆಂದರೆ ಎರೆಸೀಮೆ. ಕಪ್ಪು ಮಣ್ಣು, ಕಣ್ಣು ಹಾಯುವವರೆಗೂ ಜೋಳ, ಕಡಲೆ, ಕುಸುಬಿ. ನಮ್ಮಲ್ಲಿ ಎತ್ತರದ ವಸ್ತು ಎಂದರೆ ಬಣವೆ. ಮಕ್ಕಳು ನಾಯಿಗೆ ಹೊಡೆಯೋಣವೆಂದರೂ ಕಲ್ಲು ಸಿಗುತ್ತಿರಲಿಲ್ಲ, ಮಣ್ಣಿನ ಹೆಂಟೆಯಲ್ಲೇ ಹೊಡೆಯಬೇಕು. ಅಂಥ ಬಯಲಿನಲ್ಲಿ ಮನುಷ್ಯನಿಗೆ ಮರೆ ಎಂಬುದೇ ಇಲ್ಲ. ಎರಡು ಮೈಲಿ ಆಚೆ ಒಂದು ಚುಕ್ಕೆ ಹುಟ್ಟಿತೆಂದರೆ ನಮ್ಮಪ್ಪ ಕಟ್ಟೆಯ ಮೇಲೆ ಕೂತು ಹಣೆಗೆ ಕೈಯಿಟ್ಟು ನೋಡುತ್ತಿದ್ದ.

"ಬರಾಕತ್ತಾನ ನೋಡಲ್ಲಿ ಹನಮಪ್ಪ. ಇವತ್ತ ಹೇಂತಿ ಕೂಡ ಜಗಳಾಡಿ ಬಂದಾನ."

"ಅದು ಹೆಂಗ ಗೊತ್ತಾತಪಾ?"

"ನಡಗೀ ನೋಡವಾ, ನಡಗಿ."

ಚುಕ್ಕೆ ಹತ್ತಿರ ಬಂದು ಹನಮಪ್ಪನಾಗುತ್ತಿತ್ತು, ಮುಖ ಊದಿಸಿಕೊಂಡೇ ಇರುತ್ತಿದ್ದ. ಅವನು ಕಟ್ಟೆ ದಾಟುವಾಗ "ಎಲ್ಲಿಗೆ ಹೊಂಟಿಯೋ?" ಎಂದು ಕೇಳದಿದ್ದರೆ ಅದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲ. ಉತ್ತರ ಏನಾದರೂ ಇರಲಿ, "ಇಲ್ಲೇ, ಹಿಂಗ ಹೋಗಿ ಬರತೀನ್ರಿ" ಎಂದರೂ ಸಾಕು. ನಮ್ಮೂರಲ್ಲಿ ಯಾರೂ ಪ್ರಶ್ನೆ ಕೇಳದೆ ಒಂಟಿಯಾಗಿ ಹೋಗಲು ಬಿಡುತ್ತಿದ್ದದ್ದು ಒಂದೇ ಪ್ರಯಾಣಕ್ಕೆ: ಕೈಯಲ್ಲಿ ನೀರಿನ ಚರಿಗೆ ಹಿಡಿದು ಬಯಲಕಡೆ ಹೊರಟಾಗ. ನನ್ನ ಸಂಶೋಧನೆಯ ವಿಷಯಕ್ಕೆ ನನ್ನ ಅನುಭವದ ಬಂಡವಾಳ ಅಷ್ಟೇ ಇತ್ತು.

ಇನ್ನು ನನ್ನ ಗೈಡ್, ಪ್ರೊಫೆಸರ್ ವೀಸ್ನರ್. ಅರವತ್ತು ದಾಟಿದ ಹೆಂಗಸು, ಕತ್ತರಿಸಿದ ಬೆಳ್ಳಿ ಕೂದಲು, ಪಾಠಕ್ಕೂ ಮೀಟಿಂಗಿಗೂ ಮದುವೆಗೂ ಒಂದೇ ಜೊತೆ ಬೆಟ್ಟ ಹತ್ತುವ ಬೂಟು. ಜರ್ಮನಿಯ ನಡುಭಾಗದ ಬೆಟ್ಟಸೀಮೆಯವರು. "ನಾನು ಕಾಡಿನ ಊರವಳು, ಮಾತು ಕಡಿಮೆ" ಎಂದು ಶುರು ಮಾಡಿ ಒಂದು ಗಂಟೆ ಮಾತಾಡುತ್ತಿದ್ದರು. ವಾರದಲ್ಲಿ ಒಂದು ದಿನ ಒಬ್ಬರೇ ನಡೆಯಲು ಹೋಗುವುದು ಅವರ ವ್ರತ. ಆ ದಿನ ಯಾರೂ ಅವರಿಗೆ ಫೋನ್ ಮಾಡುವಂತಿಲ್ಲ, ಎಲ್ಲಿಗೆ ಹೋದರೆಂದು ಕೇಳುವಂತಿಲ್ಲ. ಹಾಗೆಂದು ಅವರು ಕಾಡನ್ನು ಸುಮ್ಮಸುಮ್ಮನೆ ಹೊಗಳುವವರಲ್ಲ. ನೆಲದ ಮೇಲಿನ ಪ್ರೀತಿ 'ಈ ನೆಲ ನಮ್ಮದು ಮಾತ್ರ' ಎಂದಾದಾಗ ತಮ್ಮ ದೇಶದಲ್ಲಿ ಎಂಥ ಅನಾಹುತವಾಯಿತು ಎಂಬುದನ್ನು ಪ್ರತಿ ವರ್ಷ ಒಂದಿಡೀ ತರಗತಿ ಹೇಳುತ್ತಿದ್ದರು, ಆ ದಿನ ಅವರ ದನಿ ಬೇರೆಯೇ ಆಗಿರುತ್ತಿತ್ತು. ನನಗೆ ಅವರನ್ನು ಕಂಡರೆ ಭಯ. ಅಷ್ಟೇ ಪ್ರೀತಿ ಕೂಡ.

೨೦೧೦ರ ವಸಂತದಲ್ಲಿ ನನ್ನ ಪ್ರಬಂಧದ ಯೋಜನೆಗೆ ಅವರ ಸಹಿ ಬೇಕಾಯಿತು. ಜೂನ್ ಮೊದಲ ವಾರದೊಳಗೆ ಸಹಿ ಬೀಳದಿದ್ದರೆ ನನ್ನ ಪಾಠ ಹೇಳುವ ಕೆಲಸ, ಅದರ ಬೆನ್ನಿಗೆ ವೀಸಾ, ಎರಡೂ ಮುಗಿದು ಊರಿಗೆ ಗಂಟುಮೂಟೆ ಕಟ್ಟಬೇಕಿತ್ತು. ಊರಿಗೆ ಹೋಗುವುದೇನೋ ಸರಿ, ಆದರೆ ಯಾವ ಮುಖ ಹೊತ್ತು? ಅಪ್ಪ ಆಗಲೇ ಕಟ್ಟೆಯಲ್ಲಿ ನನ್ನನ್ನು ಡಾಕ್ಟರು ಮಾಡಿಬಿಟ್ಟಿದ್ದ. ಇಬ್ಬರು ಫೋನಿನಲ್ಲಿ ಮಂಡಿನೋವಿಗೆ ಔಷಧ ಕೇಳಿದ್ದರು.

ನಲವತ್ತು ಪುಟದ ಯೋಜನೆಯನ್ನು ಪ್ರೊಫೆಸರ್ ಓದಿ ಮೇಜಿನ ಮೇಲೆ ಇಟ್ಟರು.

"ಭಾಷೆ ಚೆನ್ನಾಗಿದೆ, ಓದು ಚೆನ್ನಾಗಿದೆ. ಆದರೆ ಇದಕ್ಕೆ ಕಾಲೇ ಇಲ್ಲ. ನೀನು ಯಾವತ್ತಾದರೂ ಕಾಡಿನಲ್ಲಿ ಒಬ್ಬಳೇ ಇದ್ದೀಯಾ?"

"ಇಲ್ಲ."

"ಹಾಗಾದರೆ ಲಗೂನಾ ಬೆಟ್ಟಕ್ಕೆ ಹೋಗು. ಬೆಳಗಿನಿಂದ ಸಂಜೆಯವರೆಗೆ. ಫೋನ್ ಬೇಡ, ಪುಸ್ತಕ ಬೇಡ, ಜೊತೆ ಬೇಡ. ಅಲ್ಲೇ ಕೂತು ಕೈಯಲ್ಲಿ ಐದು ಪುಟ ಬರೆ. ಅದನ್ನು ಓದಿ ಸಹಿಯ ವಿಚಾರ ನೋಡೋಣ."

ಲಗೂನಾ ಬೆಟ್ಟ ಸ್ಯಾನ್ ಡಿಯೇಗೋದಿಂದ ಪೂರ್ವಕ್ಕೆ ಕಾರಿನಲ್ಲಿ ಒಂದು ಗಂಟೆಯ ದಾರಿ. ಮರುಭೂಮಿಗೆ ಬೀಳುವ ಮುಂಚೆ ನೆಲ ಒಮ್ಮೆ ಎದ್ದು ನಿಂತು ತಲೆಯ ಮೇಲೆ ಪೈನ್ ಮರ ಇಟ್ಟುಕೊಂಡಿದೆ. ನನಗೆ ಕಾರಿಲ್ಲ, ಲೈಸೆನ್ಸ್ ಇಲ್ಲ. ಬಸ್ಸು ಅಲ್ಲಿಗೆ ಹೋಗುವುದಿಲ್ಲ. ನನ್ನ ದೊಡ್ಡ ತಪ್ಪು ನಡೆದದ್ದು ಇಲ್ಲೇ: ನಾನು ಶೈಲಜಾ ಆಂಟಿಗೆ ಫೋನ್ ಮಾಡಿದೆ.

ಶೈಲಜಾ ಆಂಟಿ, ರಾಮಪ್ರಸಾದ್ ಅಂಕಲ್ ಇದೇ ಫೋರ್ ಎಸ್ ರ್ಯಾಂಚಿನವರು, ಮೂಲದಲ್ಲಿ ಮಲ್ಲೇಶ್ವರ. ಅಂಕಲ್ ಫೋನ್ ಕಂಪನಿಯೊಂದರಲ್ಲಿ ಇಂಜಿನಿಯರು, ಆದರೆ ಅವರ ಕಂಠಕ್ಕೆ ಫೋನಿನ ಅಗತ್ಯವಿರಲಿಲ್ಲ. ಯುಗಾದಿ ಊಟದಲ್ಲಿ ಪರಿಚಯವಾದಾಗಿನಿಂದ ಆಂಟಿ ನನ್ನನ್ನು ದತ್ತು ತೆಗೆದುಕೊಂಡಿದ್ದರು. ತಿಂಗಳಿಗೆರಡು ಸಲ ಸಾರಿನ ಪುಡಿ, ವಾರಕ್ಕೊಂದು ಸಲ ಬುದ್ಧಿವಾದ ಬರುತ್ತಿತ್ತು.

"ಒಬ್ಳೇನಾ? ಕಾಡಿಗಾ? ಏನೇ, ನಿಮ್ ಪ್ರೊಫೆಸರ್‌ಗೆ ತಲೆಗಿಲೆ ಕೆಟ್ಟಿದ್ಯಾ?" ಎಂದರು ಆಂಟಿ.

"ಅದು ಓದಿನ ಭಾಗ ಆಂಟಿ. ನನ್ನನ್ನ ಬಿಟ್ಟು ಹೋದ್ರೆ ಸಾಕು, ಸಾಯಂಕಾಲ ಕರ್ಕೊಂಡು ಬಂದ್ಬಿಡಿ."

"ಸರಿ, ಡ್ರಾಪ್ ಮಾಡ್ತೀವಿ ಬಿಡು. ಜೊತೆಗೆ ಯಾರೂ ಬರಲ್ಲ. ಪ್ರಾಮಿಸ್."

ಆಂಟಿ ಕೊಟ್ಟ ಮಾತಿಗೆ ತಪ್ಪುವವರಲ್ಲ. ಆದರೆ ಆ ಶನಿವಾರ ಅವರು ಸಾಮಾನು ತರಲು ಲಾಸ್ ಏಂಜಲೀಸ್ ಕಡೆಯ ಆರ್ಟೀಸಿಯಾಕ್ಕೆ ಹೊರಟರು, ನನ್ನನ್ನೂ ಕರೆದುಕೊಂಡರು. ಆರ್ಟೀಸಿಯಾದ ಭಾರತೀಯರ ಅಂಗಡಿಬೀದಿಯಲ್ಲಿ ಗುಟ್ಟು ಉಳಿಯುವುದಿಲ್ಲ. ಮಿಠಾಯಿ ಅಂಗಡಿಯ ಸಾಲಿನಲ್ಲಿ ನಮ್ಮ ಹಿಂದೆ ನಿಂತವರು ಮಂಗಳೂರಿನ ವಿನಯಾ ಆಂಟಿ, ಶೈಲಜಾ ಆಂಟಿಯ ಹಳೆಯ ಗೆಳತಿ. ಮೈಸೂರುಪಾಕು ತೂಗುವಷ್ಟರಲ್ಲಿ ವಿಷಯ ಕೈ ದಾಟಿತು.

"ಅಯ್ಯೋ ದೇವರೇ, ಹುಡುಗಿಯನ್ನು ಒಬ್ಬಳೇ ಬಿಡ್ಲಿಕ್ಕೆ ಉಂಟಾ? ನಾವೂ ಬರ್ತೇವೆ ಮಾರಾಯ್ತಿ. ನನ್ನ ತಮ್ಮನ ಕುಟುಂಬ ಸಹ ಇಲ್ಲೇ ಉಂಟು, ಅವರಿಗೂ ಒಂದು ಚೇಂಜ್ ಆಗ್ತದೆ."

ನಾನು ಬೇಡ ಬೇಡವೆಂದೆ. ನಮ್ಮ ಜನರಿಗೆ ಬೇಡ ಎಂದರೆ ಇನ್ನೆರಡು ಬಡಿಸು ಎಂದೇ ಅರ್ಥ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಲಗೂನಾ ಬೆಟ್ಟದ ಪಾರ್ಕಿಂಗ್ ಜಾಗದಲ್ಲಿ ಮೂರು ಕಾರುಗಳಿಂದ ಹದಿಮೂರು ಜನ ಇಳಿದೆವು. ಅದರಲ್ಲಿ ಹನ್ನೆರಡು ಜನ ನನ್ನನ್ನು ಒಂಟಿಯಾಗಿ ಬಿಟ್ಟುಹೋಗಲು ಬಂದವರು! ಡಿಕ್ಕಿಯಿಂದ ಬಿಸಿಬೇಳೆಭಾತಿನ ದೊಡ್ಡ ಪಾತ್ರೆ, ಮೊಸರನ್ನ, ಬೂಂದಿ, ಎರಡು ಚಾಪೆ, ಒಂದು ಕ್ರಿಕೆಟ್ ಬ್ಯಾಟು ಇಳಿದವು. ವಿನಯಾ ಆಂಟಿ ಪೈನ್ ಮರದ ತೊಗಟೆಗೆ ಮೂಗು ಹಚ್ಚಿ, "ಇಲ್ಲಿ ಬನ್ನಿ, ಮರ ಐಸ್‌ಕ್ರೀಮಿನ ಹಾಗೆ ಪರಿಮಳ ಬರ್ತದೆ" ಎಂದು ಕೂಗಿದರು. ನಿಜವೇ, ಅಲ್ಲಿನ ಮರಗಳ ತೊಗಟೆಗೆ ವೆನಿಲಾ ವಾಸನೆ. ಹದಿಮೂರು ಜನವೂ ಸಾಲಾಗಿ ಮರ ಮೂಸಿದೆವು.

ದಾರಿಯ ಬಾಯಲ್ಲಿ, ಅಲ್ಲಿನವರು ಬೆಟ್ಟದ ಸಿಂಹ ಎನ್ನುವ ಚಿರತೆಯಂಥ ಪ್ರಾಣಿಯ ಎಚ್ಚರಿಕೆಯ ಬೋರ್ಡಿತ್ತು. ಎದುರಾದರೆ ಓಡಬೇಡಿ, ಆದಷ್ಟು ದೊಡ್ಡದಾಗಿ ಕಾಣಿಸಿಕೊಳ್ಳಿ ಎಂದಿತ್ತು. ಅಂಕಲ್ ಹೊಟ್ಟೆಯ ಮೇಲೆ ಕೈಯಾಡಿಸಿ, "ನನಗೆ ಆ ತೊಂದರೆ ಇಲ್ಲ, ಇವಳದ್ದೇ ಯೋಚನೆ" ಎಂದರು.

ಶೈಲಜಾ ಆಂಟಿ ನನ್ನ ಜಡೆ ಸರಿಮಾಡಿ, ಜೇಬಿಗೆ ಎರಡು ಬಾಳೆಹಣ್ಣು ತುರುಕಿದರು.

"ನಾವ್ಯಾರೂ ಬರಲ್ಲ ಕಣೆ, ಇಲ್ಲೇ ಕೂತಿರ್ತೀವಿ. ನೀನು ಆರಾಮಾಗಿ ಹೋಗಿ ಒಂಟಿಯಾಗಿದ್ದು ಬಾ. ಒಂದು ಗಂಟೆಗೆ ಊಟ."

ಒಳಗೆ ನಡೆದೆ. ಸದ್ದು ಹಿಂದೆ ಬಿತ್ತು. ಮೊದಲ ಹತ್ತು ನಿಮಿಷ ಬಹಳ ಜರ್ಮನ್ ಆಗಿದ್ದೆ. ಒಂದು ಬಂಡೆಯ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಿ, ದೂರ ನೋಡಿದೆ. ಒಳಗಿನಿಂದ ಏನಾದರೂ ಏಳಬಹುದೆಂದು ಕಾದೆ. ಎದ್ದದ್ದು ಹೆದರಿಕೆ ಮಾತ್ರ. ಮರದ ಹಿಂದೆ ಮರ, ಅದರ ಹಿಂದೆ ಮತ್ತೊಂದು ಮರ, ನಾಲ್ಕು ಮಾರು ಆಚೆ ಏನಿದೆಯೋ ಗೊತ್ತಿಲ್ಲ. ನಾನು ಯಾರಿಗೂ ಕಾಣುತ್ತಿಲ್ಲ ಎಂಬುದು ಹುಟ್ಟಿದಾಗಿನಿಂದ ಮೊದಲ ಸಲ ಅರಿವಾಯಿತು. ಇಲ್ಲಿ ನಾನು ಹೇಗೆ ನಡೆದರೂ ಅದನ್ನು ನೋಡಿ ಇವಳು ಇಂಥವಳು ಎಂದು ಹೇಳುವವರಿಲ್ಲ. ಹಾಗಿದ್ದರೆ ನಾನು ಇಂಥವಳೇ ಎಂದು ಏನು ಗ್ಯಾರಂಟಿ?

ಅಷ್ಟರಲ್ಲಿ ಪೈನ್ ಮರಗಳನ್ನು ಸೀಳಿಕೊಂಡು ಅಂಕಲ್ ಕಂಠ ಬಂತು.

"ಸುಮಂಗಲಾ... ಇದ್ದೀಯೇನಮ್ಮಾ?"

"ಇದ್ದೀನಿ ಅಂಕಲ್!"

"ಸರಿ ಸರಿ, ಒಂಟಿಯಾಗಿರು!"

ಹದಿನೈದು ನಿಮಿಷಕ್ಕೊಮ್ಮೆ ಹೀಗೆ ನಡೆಯಿತು. ನಗು ಬಂತು, ಸಿಟ್ಟೂ ಬಂತು. ನಡುವೆ ಒಮ್ಮೆ ಇಪ್ಪತ್ತು ನಿಮಿಷವಾದರೂ ಕರೆ ಬರಲಿಲ್ಲ. ಆಗ ನಾನೇ ಎದ್ದು ನಿಂತು ಕಿವಿಗೊಟ್ಟೆ. ಅಂಕಲ್ ಬ್ಯಾಟಿಂಗ್ ಮಾಡುತ್ತಿದ್ದರಂತೆ. ಹನ್ನೆರಡೂವರೆಗೆ ಹಸಿವಾಗಿ ನಾನು ಒಂಟಿತನವನ್ನು ಮುಗಿಸಿ ಹಿಂದಿರುಗಿದೆ.

ಭರ್ಜರಿ ಊಟವಾದ ಮೇಲೆ ಪಿಕ್‌ನಿಕ್ ಮೇಜಿನ ಮೂಲೆಯಲ್ಲಿ ಕೂತು ಐದು ಪುಟ ಬರೆದೆ. ಮೌನ ನನ್ನೊಳಗೆ ಇಳಿಯಿತು, ಮರಗಳು ನನ್ನ ಹೆಸರನ್ನು ಅಳಿಸಿಹಾಕಿದವು, ಸಂಜೆಯವರೆಗೆ ನಾನೂ ಕಾಡೂ ಬೇರೆಯಾಗಿರಲಿಲ್ಲ. ಪುಸ್ತಕಗಳಲ್ಲಿ ಓದಿದ್ದೆಲ್ಲ ಸರಾಗವಾಗಿ ಬಂತು. ಅಪ್ಪಟ ಸುಳ್ಳು. ಬರೆಯುತ್ತಿರುವಾಗಲೇ ವಿನಯಾ ಆಂಟಿ "ಇನ್ನೊಂಚೂರು ಹಾಕಿಕೋ" ಎಂದು ಸೌಟು ಚಾಚಿದರು. ಕಲೆ ಬಿದ್ದದ್ದು ಆಗ.

ಸೋಮವಾರ ಪ್ರೊಫೆಸರ್ ನನ್ನೆದುರೇ ಹಾಳೆಗಳನ್ನು ಓದಿದರು. ಮೂರನೆಯದಕ್ಕೆ ಬಂದಾಗ ನಿಂತರು. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಗಿನ ಹತ್ತಿರ ತಂದರು.

"ಇದು ಪೈನ್ ಅಲ್ಲ."

"ಅಲ್ಲ."

"ಎಷ್ಟು ಜನ ಇದ್ದಿರಿ?"

"ನನ್ನನ್ನು ಸೇರಿಸಿ ಹದಿಮೂರು."

ನಾನು ಎಲ್ಲವನ್ನೂ ಒಪ್ಪಿಕೊಂಡೆ, ಸಿಂಹದ ಬೋರ್ಡಿನಿಂದ ಬೂಂದಿಯವರೆಗೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ವಾಪಸು ಕೊಟ್ಟರು.

"ಇದು ನನ್ನ ಕಾಡು. ನನ್ನಂಥವರಿಂದ ಸಾಲ ತಂದು ಬರೆದಿದ್ದೀಯ. ಅಲ್ಲಿ ನಿನಗೆ ನಡೆದದ್ದನ್ನು ಬರೆ. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ, ನೀನು ಅತ್ತರೂ ಹಾಕುವುದಿಲ್ಲ."

ಅತ್ತೆ, ಆದರೆ ರೂಮಿಗೆ ಬಂದ ಮೇಲೆ. ಮೂರು ವಾರ ಕೈಯಲ್ಲಿತ್ತು. ಮೊದಲ ವಾರ ಏನೂ ಬರೆಯಲಾಗಲಿಲ್ಲ. ನಡೆದದ್ದನ್ನು ಬರೆದರೆ ಅದು ಸಂಶೋಧನೆಯೇ, ಪಿಕ್‌ನಿಕ್ ವರದಿಯೇ? ಒಂದು ದಿನ ಅಪ್ಪನ ಫೋನು ಬಂತು. ಮಾತಿನ ನಡುವೆ, "ತಡಿಯವಾ, ಯಾರೋ ಬರಾಕತ್ತಾರ... ಹಾಂ, ನಮ್ಮ ಕಲ್ಲವ್ವ. ಊರಿಗೆ ಹೋದಾಕಿ ಇವತ್ತ ಬಂದಳ ನೋಡು" ಎಂದ. ಎಂಟೊಂಬತ್ತು ಸಾವಿರ ಮೈಲಿ ಆಚೆ ನಾನು ಪೆನ್ನು ಕೈಗೆತ್ತಿಕೊಂಡೆ.

ಬರೆದದ್ದು ಇಷ್ಟು. ಕಾಡಿನಲ್ಲಿ ಯಾರಿಗೂ ಕಾಣದವನು ತನ್ನನ್ನು ತಾನೇ ನೋಡಿಕೊಳ್ಳಬೇಕು, ಅದಕ್ಕೇ ಜರ್ಮನ್ನರು ಕಾಡಿನಲ್ಲಿ 'ನಾನು' ಎಂಬುದನ್ನು ಕಂಡುಕೊಂಡರು. ಬಯಲಿನಲ್ಲಿ ನಮಗೆ ಆ ಕೆಲಸವೇ ಇಲ್ಲ. ನಾನು ನಾನೆಂದು ನನಗಿಂತ ಮೊದಲು ಎರಡು ಮೈಲಿ ಆಚೆ ಕಟ್ಟೆಯ ಮೇಲೆ ಕೂತವನಿಗೆ ಗೊತ್ತು. ಅವನು ಕೇಳುತ್ತಾನೆ, ನಾನು ಉತ್ತರಿಸುತ್ತೇನೆ, ಅಲ್ಲಿಗೆ ನಾನು ಇರುವುದು ಖಾತ್ರಿಯಾಯಿತು. ಬಯಲು ಬಿಟ್ಟು ಬಂದವರು ಕಾಡಿಗೆ ಹೋದರೂ ಕಟ್ಟೆಯನ್ನು ಕಾರಿನಲ್ಲಿ ಹಾಕಿಕೊಂಡು ಹೋಗುತ್ತಾರೆ. ಇದರ ಬೆಲೆಯನ್ನೂ ಬರೆದೆ: ಅಲ್ಲಿ ಯಾರಿಗೂ ತಿಳಿಯದಂತೆ ಬದಲಾಗಲು ಆಗುವುದಿಲ್ಲ. ಹೆಂಡತಿಯೊಂದಿಗೆ ಜಗಳಾಡಿದ ಪಾಪದ ಹನಮಪ್ಪನಿಗೆ ಎರಡು ಮೈಲಿಯಷ್ಟೂ ಖಾಸಗಿತನವಿಲ್ಲ. ಜರ್ಮನ್ ಕಾಡನ್ನು ಅರ್ಥ ಮಾಡಿಕೊಳ್ಳಲು ನಾನು ನನ್ನ ಬಯಲನ್ನು ಪಕ್ಕದಲ್ಲಿಟ್ಟು ನೋಡುತ್ತೇನೆ, ಅದೇ ನನ್ನ ಪ್ರಬಂಧ.

ಪ್ರೊಫೆಸರ್ ಈ ಸಲ ಓದುವಾಗ ನಕ್ಕರು. ಹನಮಪ್ಪನಿಗೆ ನಕ್ಕರು, ಸಿಂಹಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಂಕಲ್ ಕರೆಯುವ ಭಾಗಕ್ಕೆ ಬಂದಾಗ ನಗು ನಿಂತಿತು. ಆ ಪುಟವನ್ನು ಎರಡು ಸಲ ಓದಿದರು.

"ನಾನು ಈ ಊರಿಗೆ ಬಂದು ಮೂವತ್ತು ವರ್ಷವಾಯಿತು. ವಾರಕ್ಕೊಮ್ಮೆ ಒಬ್ಬಳೇ ನಡೆಯುತ್ತೇನೆ. ಎಲ್ಲಿಗೆ ಹೋಗಿದ್ದೆ ಎಂದು ಒಬ್ಬರೂ ಕೇಳಿಲ್ಲ. ಅದನ್ನು ನಾನು ಗೌರವ ಎಂದುಕೊಂಡಿದ್ದೇನೆ."

ಹಾಗೆ ಕೇಳುವಷ್ಟು ಸಲಿಗೆ ನನಗೂ ಇರಲಿಲ್ಲ. ಅವರು ಹಾಳೆಗಳನ್ನು ಜೋಡಿಸಿಟ್ಟು ಮತ್ತೆ ಪ್ರೊಫೆಸರ್ ಆದರು.

"ವಾದ ಚೆನ್ನಾಗಿದೆ, ಆದರೆ ಒಬ್ಬಳ ಮಾತಿನ ಮೇಲೆ ನಂಬುವಂತಿಲ್ಲ. ನಾನೇ ಬಂದು ಪರೀಕ್ಷೆ ಮಾಡಬೇಕು. ಭಾನುವಾರ ಆ ಜನ ಮತ್ತೆ ಬರುತ್ತಾರೆಯೇ?"

ಶೈಲಜಾ ಆಂಟಿಯನ್ನು ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ.

"ಪ್ರೊಫೆಸರ್ ಬರ್ತಾರಾ? ಖಾರ ತಿಂತಾರೇನೇ? ನಿನ್ ಸಹಿ ವಿಷ್ಯ ನಂಗೆ ಬಿಡು. ಒಬ್ಬಟ್ಟು ಮಾಡ್ತೀನಿ."

"ಆಂಟಿ, ಲಂಚದ ಥರ ಕಾಣತ್ತೆ."

"ಒಬ್ಬಟ್ಟು ಲಂಚ ಅಲ್ಲ ಕಣೆ, ಮರ್ಯಾದೆ."

ಮೇ ತಿಂಗಳ ಕೊನೆಯ ಭಾನುವಾರ. ಇನ್ನು ಐದೇ ದಿನ ಉಳಿದಿತ್ತು. ಮೂರು ಕಾರಿನ ಹಿಂದೆ ನಾಲ್ಕನೆಯದಾಗಿ ಪ್ರೊಫೆಸರ್ ಹಳೆಯ ಕಾರು ಬಂದು ನಿಂತಿತು. ಅವರು ಇಳಿದು ಹದಿಮೂರು ಜನರ ಕೈಯನ್ನೂ ಒಂದೊಂದಾಗಿ ಕುಲುಕಿದರು, ತೊಟ್ಟಿಲ ಕೂಸಿನ ಕೈಯನ್ನೂ ಬಿಡಲಿಲ್ಲ. ವಿನಯಾ ಆಂಟಿ ತೋರಿಸಿದ ಮರವನ್ನು ಭಕ್ತಿಯಿಂದ ಮೂಸಿದರು. ಆಮೇಲೆ ಬೆನ್ನಿಗೆ ಚೀಲ ಏರಿಸಿ, ನನ್ನ ಸಹಿಯ ಫಾರಂ ಇದ್ದ ಕವರನ್ನು ಅದರೊಳಗಿಟ್ಟು, "ಒಂದು ಗಂಟೆ ಬಿಟ್ಟು ಬರುತ್ತೇನೆ" ಎಂದು ಹೇಳಿ ಮರಗಳ ನಡುವೆ ಮರೆಯಾದರು.

ಈಗ ಪಾರ್ಕಿಂಗ್ ಜಾಗದಲ್ಲಿ ದೊಡ್ಡ ಚರ್ಚೆ ಶುರುವಾಯಿತು.

"ಕರೀಲಾ ಬೇಡ್ವಾ?" ಎಂದರು ಅಂಕಲ್.

"ಅಷ್ಟು ದೊಡ್ಡೋರನ್ನ ಹಾಗೆ ಕೂಗೋದು ಚೆನ್ನಾಗಿರಲ್ಲ ರೀ" ಎಂದರು ಶೈಲಜಾ ಆಂಟಿ.

"ಕರೀದೇ ಇದ್ರೆ ಅವರೇನು ಪರೀಕ್ಷೆ ಮಾಡ್ತಾರೆ? ಹುಡುಗಿ ಭವಿಷ್ಯ ಕಣೇ."

ಅಂಕಲ್ ಎದ್ದು ನಿಂತು, ಪ್ಯಾಂಟು ಮೇಲಕ್ಕೆಳೆದುಕೊಂಡು, ಇಂಗ್ಲಿಷಿನಲ್ಲಿ ಕೂಗಿದರೆ ಆಫೀಸಿನ ಕಾಲ್ ಥರ ಆಗುತ್ತದೆಂದು ಕನ್ನಡದಲ್ಲೇ ಕೂಗಿದರು.

"ಮೇಡಂ... ಇದ್ದೀರಾ?"

ಉತ್ತರ ಬರಲಿಲ್ಲ. ಎಲ್ಲೋ ಒಂದು ಮರಕುಟಿಗ ಕುಟ್ಟುತ್ತಿತ್ತು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಕೂಗಿದರು. ಆಗಲೂ ಇಲ್ಲ. ವಿನಯಾ ಆಂಟಿ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಶೈಲಜಾ ಆಂಟಿ ಸಿಂಹದ ಬೋರ್ಡಿನ ಕಡೆ ನೋಡಿ, ನಾನು ನೋಡಿದ್ದು ಕಂಡು ಮುಖ ತಿರುಗಿಸಿದರು. ನನಗೆ ಮೊದಲು ಬಂದ ಯೋಚನೆ ಫಾರಂ ಚೀಲದಲ್ಲೇ ಇದೆಯಲ್ಲ ಎಂಬುದು. ಎಂಥ ಪಾಪಿ ನಾನು ಎಂಬುದು ಎರಡನೆಯ ಯೋಚನೆ. ಮೂರನೆಯದು ಬರುವಷ್ಟರಲ್ಲಿ ಓಡತೊಡಗಿದ್ದೆ.

ಬಹಳ ದೂರ ಓಡಬೇಕಾಗಲಿಲ್ಲ. ನೂರು ಹೆಜ್ಜೆಯೊಳಗೇ, ನಾನು ಹಿಂದೆ ಹೆದರಿಕೊಂಡು ಕೂತಿದ್ದ ಬಂಡೆಯ ಆಚೆ ಬದಿಗೆ, ಪ್ರೊಫೆಸರ್ ಬೂಟು ಬಿಚ್ಚಿಟ್ಟು ಕಾಲು ಚಾಚಿಕೊಂಡು ಕೂತಿದ್ದರು. ಚೀಲ ಪಕ್ಕದಲ್ಲಿತ್ತು. ಫಾರಂ ತೊಡೆಯ ಮೇಲಿತ್ತು, ಕೆಳಗಿನ ಗೆರೆಯ ಮೇಲೆ ನೀಲಿ ಶಾಯಿಯಲ್ಲಿ ಅವರ ಸಹಿ. ಅದನ್ನು ಕಂಡು ನನಗೆ ಸಂತೋಷವಾಯಿತು. ಅದರ ಬೆನ್ನಲ್ಲೇ ವಿಪರೀತ ಸಿಟ್ಟು ಬಂತು.

"ಅಂಕಲ್ ಎರಡು ಸಲ ಕರೆದರು. ನಿಮಗೆ ಕೇಳಿಸಲಿಲ್ಲವೇ?"

"ಮೊದಲನೆಯದೇ ಕೇಳಿಸಿತು" ಎಂದರು ಪ್ರೊಫೆಸರ್. ಕಣ್ಣು ಪಾರ್ಕಿಂಗ್ ಕಡೆಯ ಮರಗಳ ಮೇಲೇ ಇತ್ತು. "ಶ್, ಸುಮ್ಮನಿರು. ಇನ್ನೊಂದು ಸಲ ಕರೆಯಲಿ."